ಹಸಿ ಉದ್ದಿನಲ್ಲಿಟ್ಟ ಕಾಡತೂಸು

ನನಗೆ ಆಗ ಐವತ್ತೆಂಟು. ಹನ್ನೊಂದು ವರ್ಷವಾಯಿತು. ವಯಸ್ಸನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ತಿಳಿಯದೆ ಮಾಡಿದಳು ಪಾಪ ಎಂದು ಯಾರೂ ನನ್ನ ಪರವಾಗಿ ಮಾತಾಡಬಾರದು. ತಲೆ ನರೆತಿತ್ತು, ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ನನಗೆ ಎಲ್ಲ ತಿಳಿಯುತ್ತಿತ್ತು.

ನಮ್ಮೂರು ಬಸವಕಲ್ಯಾಣ ತಾಲ್ಲೂಕಿನದು. ರಾಜೇಶ್ವರದಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕು. ಆದರೆ ಈ ನೆನಪು ಎದ್ದದ್ದು ಹುಮನಾಬಾದಿನಲ್ಲಿ, ಹೋದ ತಿಂಗಳು. ನನ್ನ ಸಣ್ಣ ಮಗಳು ಕಮಲಾ ಅಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಮನೆಯ ಮಾಲೀಕರು ರಿಟೈರ್ ಆದ ಮಾಸ್ತರರು. ಅವರ ಹತ್ತಿರ ಅಜ್ಜನ ಕಾಲದ ಒಂದು ಬಂದೂಕಿದೆ, ಲೈಸೆನ್ಸಿನ ಕಾಗದವೂ ಇದೆ. ಆದಿತ್ಯವಾರ ಅವರು ಮತ್ತು ಅವರ ಇಬ್ಬರು ಗೆಳೆಯರು ಊರ ಹೊರಗಿನ ಕಲ್ಲುಹೊಲಕ್ಕೆ ಹೋಗಿ, ಮಣ್ಣಿನ ದಿಬ್ಬಕ್ಕೆ ಹಳೆಯ ಬಣ್ಣದ ಡಬ್ಬಿ ಆನಿಸಿ ಹೊಡೆಯುತ್ತಾರೆ. ಕೊಲ್ಲುವುದಕ್ಕಲ್ಲ, ಶೌಕಿಗೆ.

ಆ ಆದಿತ್ಯವಾರ ಮಾಸ್ತರರು ಬಾಗಿಲಲ್ಲಿ ನಿಂತು ಕರೆದರು. "ಅಮ್ಮಾ, ನಿಮ್ಮ ಮನಿಯಾಗೂ ಇಂಥದ್ದೇ ಒಂದ್ ಇತ್ತಂತಲ್ರಿ, ಕಮಲಾ ಹೇಳಿದ್ಳು. ಬರ್ರಿ, ನಮ್ದು ಹ್ಯಾಂಗ ಅದ ನೋಡ್ರಿ."

ಹೋದೆ. ಹೋಗಬಾರದಿತ್ತು. ಅದು ನಮ್ಮದರ ಅಣ್ಣನೋ ತಮ್ಮನೋ ಎನ್ನುವ ಹಾಗಿತ್ತು. ಅದೇ ಉದ್ದ, ಅದೇ ಕಪ್ಪು ಕಟ್ಟಿಗೆ, ಕೆಳಗೆ ಅದೇ ಹಿಡಿಕೆ. ಒಬ್ಬರು ಗುಂಡಿಗೆ ಮೇಣವನ್ನು ಹೆಣ್ಣಿಗೆ ಕುಂಕುಮ ಹಚ್ಚಿದಷ್ಟೇ ಹಚ್ಚುತ್ತಿದ್ದರು. "ಅಷ್ಟು ಸಾಲಂಗಿಲ್ರಿ, ನಳಗಿ ಕಟ್ಕೊಂತದ" ಎಂದೆ. ಮೂವರೂ ನನ್ನನ್ನು ನೋಡಿ ನಕ್ಕರು, ಆಮೇಲೆ ಹೇಳಿದಂತೆ ಹಚ್ಚಿದರು. ಹೊಡೆದರು. ಬಿಳಿ ಹೊಗೆ ಎದ್ದಿತು, ಡಬ್ಬಿ ಹಾರಿತು, ಮೊಬೈಲಿನಲ್ಲಿ ಫೋಟೋ ಹಿಡಿದರು. ಅಲ್ಲಿಯವರೆಗೆ ನಾನು ಚೆನ್ನಾಗಿದ್ದೆ. ಮನೆಗೆ ಬಂದು ಮಾಸ್ತರರು ನಳಿಗೆಗೆ ಕುದಿನೀರು ಹೊಯ್ದರು. ಕಪ್ಪು ನೀರು ಇಳಿದು ನನ್ನ ಕಾಲ ಹತ್ತಿರ ಹರಿದು ಬಂತು. ಕೊಳೆತ ತತ್ತಿಯ ನಾತ. ಮದ್ದಿನ ಬಂದೂಕು ತೊಳೆದ ನೀರಿಗೆ ಆ ನಾತ ಇರುತ್ತದೆ, ಬೇರೆ ಯಾವುದಕ್ಕೂ ಹಾಗಿರುವುದಿಲ್ಲ.

ಆಗಲೇ ಗೆಳೆಯರೊಬ್ಬರು ಕೇಳಿದರು. "ಅಮ್ಮಾ, ನೀವೂ ಹೊಡೀತಿದ್ರಂತ. ಏನೇನ್ ಹೊಡದೀರಿ? ಹುಲಿ ಗಿಲಿ?"

"ಹಂದಿ" ಎಂದೆ.

"ಮತ್ತ?"

"ಮತ್ತೇನಿಲ್ರಿ."

ಹನ್ನೊಂದು ವರ್ಷದ ಮೇಲೂ ಸುಳ್ಳು ಅಷ್ಟು ಸಲೀಸಾಗಿ ಬಂತು. ಆ ರಾತ್ರಿ ಕಮಲಾಳ ನೋಟ್‌ಬುಕ್ಕು ಇಸಿದುಕೊಂಡು ಕೂತೆ. ನನಗೆ ಬರುವ ಅಕ್ಷರ ಸಾಕ್ಷರತೆಯ ಕ್ಲಾಸಿನವು, ನಿಧಾನ ಬರೆಯುತ್ತೇನೆ.

ನಮ್ಮ ಬಂದೂಕು ಮಾವನವರ ಕಾಲದ್ದು. ನಿಜಾಮನ ಕಾಲದಲ್ಲಿ ಅವರಿಗೆ ಹೇಗೋ ಬಂದದ್ದು. ಹೇಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದಕ್ಕೆ ಮುಂದಿನ ಬಾಯಿಂದ ಮದ್ದು ಜಡಿಯುವುದಿಲ್ಲ. ಹಿಡಿಕೆ ಕೆಳಗೆ ಎಳೆದರೆ ಹಿಂಭಾಗದಲ್ಲಿ ಬಾಯಿ ತೆರೆಯುತ್ತದೆ, ಅಲ್ಲಿ ಒಂದು ಕಾಡತೂಸು ಇಟ್ಟು ಹಿಡಿಕೆ ಮೇಲೆ ಒತ್ತಬೇಕು. ಒಂದು ಸಲಕ್ಕೆ ಒಂದೇ. ಬೆಳೆ ಕಾಯುವುದಕ್ಕೆಂದು ಲೈಸೆನ್ಸು, ಅದು ನಮ್ಮ ಮನೆಯವರ ಹೆಸರಿನಲ್ಲಿ. ಹೊಡೆಯುವುದು ಅವರು. ಉಳಿದದ್ದೆಲ್ಲ ನಾನು. ಸೀಸ ಕರಗಿಸಿ ಗುಂಡು ಎರೆಯುವುದು ನಾನು, ಸುಟ್ಟ ಕಾಡತೂಸಿನ ಖಾಲಿ ಹಿತ್ತಾಳೆ ಖೋಕಾವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಮತ್ತೆ ಮದ್ದು ತುಂಬುವುದು ನಾನು, ಗುಂಡಿಗೆ ಜೇನುಮೇಣ ಮತ್ತು ಕುರಿಯ ಕೊಬ್ಬು ಕಲಸಿ ಹಚ್ಚುವುದು ನಾನು. ಹೊಡೆದ ದಿನವೇ ಕುದಿನೀರು ಹಾಕಿ ತೊಳೆಯಬೇಕು, ಬಿಟ್ಟರೆ ಬೆಳಗಾಗುವಷ್ಟರಲ್ಲಿ ನಳಿಗೆಗೆ ಜಂಗು, ತುಕ್ಕು ಹಿಡಿಯುತ್ತದೆ. ಅದೂ ನಾನೇ. ಹಂದಿ ಸತ್ತರೆ ಹೆಸರು ಅವರಿಗೆ. ನನಗೆ ಬೇಜಾರಿರಲಿಲ್ಲ. ಅಷ್ಟೆಲ್ಲ ಮಾಡಿದವಳಿಗೆ ಹೊಡೆಯಲೂ ಬಾರದೇ ಇರುತ್ತದೆಯೇ? ಬರುತ್ತಿತ್ತು. ಅವರಿಗಿಂತ ಚೆನ್ನಾಗಿ ಬರುತ್ತಿತ್ತು, ಆದರೆ ಕಾಯಿದೆಯ ಪ್ರಕಾರ ನಾನು ಮುಟ್ಟಬಾರದು.

ತುಂಬಿದ ಕಾಡತೂಸುಗಳನ್ನು ನಾನು ಜೋಳದ ಡ್ರಮ್ಮಿನಲ್ಲಿ ಹುಗಿದಿಡುತ್ತಿದ್ದೆ. ಒಣಗಿದ ಹಳೇ ಜೋಳದಲ್ಲಿ ಮದ್ದಿಗೆ ತೇವ ತಗಲುವುದಿಲ್ಲ. ಅತ್ತೆ ಹಾಗೆ ಇಡುತ್ತಿದ್ದಳು, ನಾನೂ ಹಾಗೆ ಇಡುತ್ತಿದ್ದೆ. ಕೊಬ್ಬು ಕೊಡುತ್ತಿದ್ದವನು ಬೀರಪ್ಪ. ಬೀರಪ್ಪ ಕುರಿಗಾರ. ಪ್ರತಿ ವರ್ಷ ದೀಪಾವಳಿ ಆದ ಮೇಲೆ ಮಂಠಾಳದ ಕಡೆಯಿಂದ ಕುರಿ ಹೊಡೆದುಕೊಂಡು ನಮ್ಮೂರಿಗೆ ಬರುತ್ತಿದ್ದ. ಉದ್ದು, ಹೆಸರು ಕಿತ್ತು ಬರಿದಾದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಮಲಗಿಸುತ್ತಿದ್ದ. ಕುರಿಯ ಹಿಕ್ಕೆ, ಉಚ್ಚೆ ಬಿದ್ದ ಹೊಲ ಮುಂದಿನ ವರ್ಷ ಎದ್ದು ನಿಲ್ಲುತ್ತದೆ. ಅದಕ್ಕೆ ನಾವು ಕಾಳು ಕೊಡುತ್ತಿದ್ದೆವು. ಅವನ ಹಿಂದೆ ಖಂಡ್ಯಾ ಬರುತ್ತಿತ್ತು. ಖಂಡ್ಯಾ ನಾಯಿ. ಕರುವಿನಷ್ಟು ಎತ್ತರ, ಕೊರಳಲ್ಲಿ ಮುಳ್ಳಿನ ಕಬ್ಬಿಣದ ಪಟ್ಟಿ, ತೋಳ ಕುತ್ತಿಗೆಗೆ ಬಾಯಿ ಹಾಕಬಾರದೆಂದು. ಬೀರಪ್ಪನಿಗೆ ಅದು ನಾಯಿಯಲ್ಲ, ಮೈಲಾರ ಮಲ್ಲಣ್ಣ ದೇವರು ಕೊಟ್ಟದ್ದು. ತಾನು ಉಣ್ಣುವ ಮೊದಲು ಅದಕ್ಕೆ ಹಾಕುತ್ತಿದ್ದ.

ಆ ವರ್ಷ ಮಳೆ ಬಿಡಲೇ ಇಲ್ಲ. ದಸರೆ ಮುಗಿಯಿತು, ದೀಪಾವಳಿ ಬಂತು, ಆಕಾಶ ದಿನಾ ಸಂಜೆ ಕಪ್ಪಾಗಿ ನಾಲ್ಕು ಹನಿ ಹಾಕಿ ಹೋಗುತ್ತಿತ್ತು. ಉದ್ದು ಬಡಿದು ತಂದಿದ್ದೆವು, ಆದರೆ ಬಿಸಿಲಿಗೆ ಹರವಲು ಆಗಲಿಲ್ಲ. ಹಲ್ಲಿಗೆ ಹಾಕಿದರೆ ಕಟ್ ಎನ್ನಬೇಕಾದ ಕಾಳು ಮೆತ್ತಗೆ ಮುರಿಯುತ್ತಿತ್ತು. ಹಾಗೇ ಡ್ರಮ್ಮಿಗೆ ಸುರಿದಿದ್ದೆ. ದೀಪಾವಳಿಗೆ ಮೊದಲು ಮನೆಯವರಿಗೆ ಹುಮನಾಬಾದಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ತಿಂಗಳೊಪ್ಪತ್ತು ಭಾರ ಎತ್ತಬಾರದು, ಮೈಗೆ ಧಕ್ಕೆಯಾಗಬಾರದು ಎಂದಿದ್ದರು. ಆ ಬಂದೂಕು ಕತ್ತೆ ಒದ್ದ ಹಾಗೆ ಒದೆಯುತ್ತದೆ. ಅವರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತರು. ತೊಗರಿ ಹೂವು ಬಿಟ್ಟು ಕಾಯಿ ಕಟ್ಟುತ್ತಿತ್ತು, ಹಂದಿ ಇಳಿದವು.

"ಈ ಸಲ ಬಿಡು, ತಿಂದಷ್ಟು ತಿಂದು ಹೋಗ್ತಾವ" ಎಂದರು ಅವರು.

"ನೀವ್ ಬಿಡ್ರಿ. ನಾ ಹೋಗ್ತೀನಿ."

"ಯಾರರೆ ನೋಡಿದ್ರ?"

"ನಸುಕಿನ್ಯಾಗ ಯಾರ್ ನೋಡ್ತಾರ? ಮಂಜಿನ್ಯಾಗ ನಾನೂ ನಿಮ್ಮಂಗೇ ಕಾಣ್ತೀನಿ, ಮೀಸಿ ಒಂದಿಲ್ಲ."

ನಕ್ಕರು. ನಾನು ಹೊರಟೆ. ಐದು ಕಾಡತೂಸು ತುಂಬಿದ್ದೆ. ಅವುಗಳನ್ನು ಜೋಳದ ಡ್ರಮ್ಮಿನಲ್ಲಿ ಇಡಲಿಲ್ಲ. ಜೋಳದ ಡ್ರಮ್ಮು ಒಳಕೋಣೆಯಲ್ಲಿತ್ತು, ಮೇಲೆ ಹಾಸಿಗೆಯ ಗಂಟು ಇತ್ತು, ಇಳಿಸಬೇಕಿತ್ತು. ಉದ್ದಿನ ಡ್ರಮ್ಮು ಬಾಗಿಲಲ್ಲೇ ಇತ್ತು, ಅದರಲ್ಲಿ ತುರುಕಿದೆ. ಉದ್ದು ಹಸಿ ಎಂದು ನನಗೆ ಗೊತ್ತಿತ್ತು. ಹಸಿ ಕಾಳು ಮುಚ್ಚಿದ ಡ್ರಮ್ಮಿನಲ್ಲಿ ಬೆವರುತ್ತದೆ ಎಂದೂ ಗೊತ್ತಿತ್ತು. ನಾಲ್ಕು ದಿನಕ್ಕೆ ಏನಾಗುತ್ತದೆ ಬಿಡು ಎಂದುಕೊಂಡೆ. ಮೈಗಳ್ಳತನ, ಅಷ್ಟೇ.

ದೀಪಾವಳಿಯಾಗಿ ಹತ್ತು ದಿನಕ್ಕೆ ಬೀರಪ್ಪ ಬಂದ. ಮೊದಲು ನಮ್ಮ ಉದ್ದಿನ ಹೊಲದಲ್ಲಿ ಕುರಿ ತರುಬಿದ. ಆಮೇಲಿನ ಏಳು ರಾತ್ರಿ ಸಖೂಬಾಯಿಯ ಹೊಲಕ್ಕೆ ಎಂದು ಮಾತಾಗಿತ್ತು. ಸಖೂಬಾಯಿ ನಮ್ಮ ಓಣಿಯ ತುದಿಯವಳು, ಬೌದ್ಧರಾದ ದಲಿತರ ಮನೆಯವಳು. ಗಂಡ ತೀರಿಕೊಂಡಿದ್ದ, ಮಗಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದಳು. ಕೂಲಿ ಮಾಡುತ್ತಿದ್ದಳು, ನಮ್ಮ ಹೊಲದ ಪಕ್ಕದಲ್ಲಿ ಅವಳದು ಎರಡು ಎಕರೆ, ಅರ್ಧ ಕಲ್ಲು. ಆ ಹೊಲಕ್ಕೆ ಕುರಿ ಬೀಳಲಿ ಎಂದು ಮೂರು ವರ್ಷದಿಂದ ಬೀರಪ್ಪನ ಹಿಂದೆ ಬಿದ್ದಿದ್ದಳು. ಬಾಯಿ ಜೋರು. ನನಗಿಂತ ಹನ್ನೆರಡು ವರ್ಷ ಸಣ್ಣವಳು, ಆದರೆ ನನ್ನ ಮುಖಕ್ಕೆ ಬೈದು ಹೇಳುವವಳು ಊರಲ್ಲಿ ಅವಳೊಬ್ಬಳೇ, ಅದಕ್ಕೇ ನನಗೆ ಸೇರುತ್ತಿದ್ದಳು.

ಬಂದ ಎರಡನೇ ದಿನ ಖಂಡ್ಯಾ ಅವಳ ಕೋಳಿ ತಿಂದಿತು. ಸಖೂಬಾಯಿ ಪುಕ್ಕ ಕೈಯಲ್ಲಿ ಹಿಡಿದುಕೊಂಡೇ ಗಿರಣಿಗೆ ಬಂದಳು. ಹಿಟ್ಟು ಬೀಸಲು ಹೆಂಗಸರೆಲ್ಲ ಸಾಲಿಗೆ ನಿಂತಿದ್ದೆವು. "ಆ ನಾಯಿ ಮತ್ತೊಮ್ಮಿ ನಮ್ಮ ಬಾಗಿಲಿಗಿ ಬರ್ಲಿ, ರೊಟ್ಟ್ಯಾಗ ವಿಷಾ ಇಟ್ಟು ಹಾಕ್ತೀನಿ. ಮಲ್ಲಣ್ಣಗ ಬೇಕಾದ್ರ ಬೇರೆ ನಾಯಿ ಸಾಕ್ಕೊಳ್ಳಿ!" ಎಂದಳು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಮರುದಿನ ಆ ನಾಯಿಗೆ ಅವಳೇ ಎಲುಬು ಹಾಕಿದ್ದನ್ನು ನಾನು ನೋಡಿದೆ.

ನಾನು ನಸುಕಿನಲ್ಲಿ ಹೊಲಕ್ಕೆ ಹೋಗುವಾಗ ಹಿಂದಿನ ದಿನದ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ಅಟ್ಟಣಿಗೆಯ ಮೇಲೆ ಕೂತು ತಿನ್ನುವಾಗ ಖಂಡ್ಯಾ ಕುರಿ ಬಿಟ್ಟು ಬಂದು ಕೆಳಗೆ ಬದುವಿನ ಹತ್ತಿರ ನಿಲ್ಲುತ್ತಿತ್ತು. ಬೊಗಳುತ್ತಿರಲಿಲ್ಲ. ನಾನು ಒಂದು ತುಂಡು ಎಸೆದರೆ ಹಿಡಿದುಕೊಂಡು ಹೋಗಿಬಿಡುತ್ತಿತ್ತು. ನಾಲ್ಕು ದಿನದ ರೂಢಿ. ನಾನೇ ಮಾಡಿದ್ದು.

ಐದನೇ ದಿನ ದಟ್ಟ ಮಂಜು. ತೊಗರಿಯಲ್ಲಿ ಸರಬರ ಸದ್ದಾಯಿತು, ಮೂರು ಹಂದಿಗಳ ಬೆನ್ನು ಕಂಡವು. ಗುರಿ ಹಿಡಿದು ಎಳೆದೆ. ಟಪ್ ಎಂದಿತು, ಅಷ್ಟೇ. ಗುಂಡು ಹೋಗಲಿಲ್ಲ. ಇಂಥ ವೇಳೆಗೆ ಮಾಡಬೇಕಾದದ್ದು ಒಂದೇ. ನಳಿಗೆಯನ್ನು ಹೊಲದ ಕಡೆಗೇ ಹಿಡಿದು ನೂರು ಎಣಿಸಬೇಕು, ಏಕೆಂದರೆ ತೇವದ ಮದ್ದು ಒಳಗೇ ಹೊಗೆಯಾಡಿ ತಡವಾಗಿ ಹೊತ್ತಬಹುದು. ಮನೆಯವರು ನೂರು ಸಲ ಹೇಳಿದ್ದರು. ನಾನೇ ಹೆಣ್ಣುಮಕ್ಕಳಿಗೆ ಹೇಳಿದ್ದೆ. ಆ ದಿನ ಮೂರೋ ನಾಲ್ಕೋ ಎಣಿಸಿರಬೇಕು. ಹಂದಿ ಅಲ್ಲೇ ಇದ್ದವು, ನನಗೆ ಆಸೆ. ಬೇರೆ ಕಾಡತೂಸಿನ ಚೀಲ ಬಲಗಡೆಗೆ ಕಾಲ ಹತ್ತಿರ ಇತ್ತು. "ಹಾಳಾಗಿ ಹೋಗು" ಎಂದು ಬಂದೂಕನ್ನೇ ಬೈದು ಚೀಲದ ಕಡೆಗೆ ಬಗ್ಗಿದೆ. ನಳಿಗೆಯೂ ನನ್ನ ಜೊತೆಗೆ ತಿರುಗಿತು. ಆಗ ಹೊತ್ತಿತು.

ಕೈ ಜುಮ್ಮೆಂದಿತು. ಹೊಗೆ ಮಂಜಿನೊಳಗೆ ಸೇರಿಕೊಂಡು ಅಲ್ಲೇ ನಿಂತಿತು. ಏನೂ ಕಾಣಲಿಲ್ಲ. ಒಂದೇ ಸಲ ಕುಂಯ್ ಎಂದದ್ದು ಕೇಳಿಸಿತು. ಹೊಗೆ ಹರಿಯುವವರೆಗೆ ಅಟ್ಟಣಿಗೆಯ ಮೇಲೆ ಹಾಗೇ ಕೂತೆ. ಅದು ಹಂದಿಯ ದನಿಯಲ್ಲ ಎಂದು ಗೊತ್ತಾಗಿತ್ತು. ಆಮೇಲೆ ಇಳಿದೆ.

ಖಂಡ್ಯಾ ಬದುವಿನ ಹತ್ತಿರ ದಿನಾ ನಿಲ್ಲುವ ಜಾಗದಲ್ಲೇ ಬಿದ್ದಿತ್ತು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಬಾಲ ಒಮ್ಮೆ ಅಲ್ಲಾಡಿತು ಎಂದು ಹೇಳಿದರೆ ಕೇಳುವವರಿಗೆ ಅಳು ಬರುತ್ತದೆ. ಅಲ್ಲಾಡಲಿಲ್ಲ.

ಬೀರಪ್ಪ ಹೊಲದ ಆ ತುದಿಯಲ್ಲಿದ್ದ, ಮಂಜಿನ ಆಚೆ. ಬಂದೂಕಿನ ಸದ್ದು ಅವನಿಗೆ ಹೊಸದಲ್ಲ, ಕೇಳಿ ಎದ್ದು ಬರಲಿಲ್ಲ. ಒಂದು ಕೂಗು ಹಾಕಿದ್ದರೆ ಬರುತ್ತಿದ್ದ. ನಾನು ಕೂಗಲಿಲ್ಲ. ನಾಯಿಯ ಹಿಂಗಾಲು ಹಿಡಿದು ತೊಗರಿಯೊಳಗೆ ಎಳೆದೆ. ನೆಲ ಮೆತ್ತಗಿತ್ತು, ಸಲಿಕೆ ಇತ್ತು, ತಗ್ಗು ತೋಡಿದೆ. ಮುಚ್ಚುವ ಮೊದಲು ಕೊರಳಪಟ್ಟಿ ಬಿಚ್ಚಿದೆ. ಮುಂದೆ ಎಂದೋ ನೇಗಿಲಿಗೆ ಕಬ್ಬಿಣ ಸಿಕ್ಕಿದರೆ ಗೊತ್ತಾಗುತ್ತದೆ ಎನ್ನುವ ಲೆಕ್ಕ. ಆ ಹೊತ್ತಿನಲ್ಲೂ ತಲೆ ಅಷ್ಟು ಚೆನ್ನಾಗಿ ಓಡಿತು. ಪಟ್ಟಿಯನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದು, ಹಾಸಿಗೆಯ ಗಂಟು ಇಳಿಸಿ, ಜೋಳದ ಡ್ರಮ್ಮಿನ ತಳಕ್ಕೆ ಹುಗಿದೆ. ಕಾಡತೂಸಿಗೆ ಇಳಿಸದ ಗಂಟನ್ನು ಅದಕ್ಕೆ ಇಳಿಸಿದೆ.

ಹಿತ್ತಲಲ್ಲಿ ಬಂದೂಕು ತೊಳೆಯುತ್ತಿದ್ದಾಗ ಸಖೂಬಾಯಿ ಮಜ್ಜಿಗೆಗೆ ಬಂದಳು. ಕಪ್ಪು ನೀರು ಅವಳ ಕಾಲ ಮುಂದೆಯೇ ಹರಿಯಿತು.

"ಥೂ, ಏನ್ ನಾತ ಮಾದೇವಕ್ಕಾ. ಬೆಳ್ಳಬೆಳಿಗ್ಗೆ ತೊಳ್ಯಾಕತ್ತಿ. ಏನ್ ಬಿತ್ತು?"

"ಏನೂ ಬೀಳ್ಲಿಲ್ಲ. ಓಡಿ ಹ್ವಾದ್ವು."

"ಸೀರಿಗಿ ರಕ್ತ ಆಗ್ಯಾದಲ್ಲ."

"ಕೈ ಕೊಯ್ಕೊಂಡೀನಿ."

ಅವಳು ನನ್ನ ಕೈ ನೋಡಿದಳು. ಎರಡೂ ಕೈ ನೀರಿನಲ್ಲಿದ್ದವು. ನಾನು ಕೈ ಒರೆಸಿಕೊಂಡು ಕೊಟ್ಟ ಮಜ್ಜಿಗೆ ತೆಗೆದುಕೊಂಡು ಹೋದಳು.

ಮಧ್ಯಾಹ್ನ ಬೀರಪ್ಪ ಬಂದ. "ವೈನಿ, ಖಂಡ್ಯಾನ ನೋಡೀರೇನ್ರಿ?" ಎಂದ. ಇಲ್ಲ ಎಂದೆ. ರೊಟ್ಟಿ ಕೊಟ್ಟೆ, ತಿನ್ನಲಿಲ್ಲ, ಬಟ್ಟೆಯಲ್ಲಿ ಕಟ್ಟಿಕೊಂಡ. "ಸಿಕ್ರ ಹಸದಿರ್ತದ, ಅದಕ ಹಾಕ್ತೀನಿ" ಎಂದ. ಮೂರು ದಿನ ಹುಡುಕಿದ. ನಮ್ಮ ಬದುವಿನ ಮೇಲೇ ನಿಂತು ಕೂಗಿ ಕರೆದ. ನಾಯಿ ಕಾಣೆಯಾದ ಐದನೇ ದಿನ ತೋಳ ಬಂದು ಎರಡು ಮರಿ ಹೊತ್ತುಕೊಂಡು ಹೋಯಿತು. ನಾಯಿ ಇದ್ದಾಗ ಎಂದೂ ಹಾಗಾಗಿರಲಿಲ್ಲ.

ಆ ವಾರವೇ ಗಿರಣಿಯಲ್ಲಿ ನಾನು ಮಾಡಬಾರದ್ದು ಮಾಡಿದೆ. ಬಂದೂಕು ಹಾರಿದ್ದು ಕೈತಪ್ಪಿ ಎನ್ನಬಹುದು. ಇದು ಕೈತಪ್ಪಿದ್ದಲ್ಲ. ಇಂಜಿನ್ ಓಡುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ರುಕ್ಮಬಾಯಿ ಎಂಬವಳು, ತೊಗರಿ ಕೊಯ್ಲಿಗೆ ಹೆಂಗಸರ ಗುಂಪು ಕಟ್ಟುವವಳು, ನನ್ನ ಕಡೆ ತಿರುಗಿ ಕೇಳಿದಳು. "ಅವತ್ತ ಸಖೂಬಾಯಿ ವಿಷಾ ಹಾಕ್ತೀನಿ ಅಂದಿದ್ಳಲ್ಲ? ನೀನೂ ಇದ್ದಿ."

"ಅಂದಿದ್ಳು" ಎಂದೆ.

"ಏನ?"

"ಅಂದಿದ್ಳು."

"ಕೇಳ್ಸಂಗಿಲ್ಲ ಮಾದೇವಕ್ಕಾ, ಜೋರ್ಲೆ ಹೇಳು."

"ಅಂದಿದ್ಳು!" ಎಂದು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಖರೆ ಮಾತೇ. ಅವಳು ಅಂದಿದ್ದಳು. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ, ಹಿಟ್ಟು ಬೀಸಿಸಿಕೊಂಡು ಬಂದೆ.

ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. ಮಲ್ಲಣ್ಣನ ನಾಯಿಗೆ ಸಖೂಬಾಯಿ ವಿಷ ಹಾಕಿದಳು. ಮಾದೇವಕ್ಕನೇ ಹೇಳಿದಳು. ಸಖೂಬಾಯಿ ಬೀರಪ್ಪನ ಮುಂದೆ ಎದೆ ಬಡಿದುಕೊಂಡು ಹೇಳಿದಳಂತೆ, "ಅಣ್ಣಾ, ಬಾಯಿಗಿ ಬಂದಿದ್ದು ಅಂದೀನಿ, ಕೈಲೆ ಮಾಡಿಲ್ಲ." ಬೀರಪ್ಪ ಬೈಯಲಿಲ್ಲ. ಕುರಿ ಹೊಡೆದುಕೊಂಡು ರಾಜೇಶ್ವರದ ಕಡೆ ಹೋದ. ಏಳು ರಾತ್ರಿಯ ಮಾತು ಹೋಯಿತು, ಅವಳ ಎರಡು ಎಕರೆ ಬರಿದೇ ಉಳಿಯಿತು. ರುಕ್ಮಬಾಯಿ ಅವಳನ್ನು ಗುಂಪಿನಿಂದ ಬಿಟ್ಟಳು. ದೇವರ ನಾಯಿ ಕೊಂದವಳ ಜೊತೆ ಕುಡುಗೋಲು ಹಿಡಿಯುವುದಿಲ್ಲ ಎಂದು ಉಳಿದವರು ಹೇಳಿದರಂತೆ. ಮೊದಲೇ ಅವಳ ಕೈಯ ನೀರು ಕುಡಿಯದ ಮಂದಿಗೆ ಇನ್ನೊಂದು ನೆಪ ಸಿಕ್ಕಿತು. ಆ ನೆಪ ಕೊಟ್ಟವಳು ನಾನು, ಅವಳ ಕೈಯ ಚಹಾ ಕುಡಿಯುತ್ತಿದ್ದವಳು. ತೊಗರಿಯ ಹೊತ್ತಿನಲ್ಲಿ ಊರಲ್ಲೆಲ್ಲ ಕೆಲಸ, ಅವಳು ಮಾತ್ರ ನಸುಕಿನಲ್ಲಿ ಎದ್ದು ಕೂಲಿಗೆ ಮಂಠಾಳದ ಕಡೆಗೆ ಹೋಗುತ್ತಿದ್ದಳು. ನಮ್ಮ ಬಾಗಿಲ ಮುಂದೆಯೇ ದಾರಿ. ಆ ಹೊತ್ತಿಗೆ ನಾನು ಹಿತ್ತಲಿಗೆ ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಹೇಳಬಹುದಿತ್ತು. ದಿನಾ ನಾಳೆ ಎಂದುಕೊಂಡೆ. ಲೈಸೆನ್ಸು ಹೋಗುತ್ತದೆ ಎಂಬುದು ನೆಪ. ಖರೆ ಕಾರಣ ಬೇರೆ. ಊರಲ್ಲಿ ನನ್ನ ಮಾತಿಗೆ ತೂಕವಿತ್ತು, ಮಾದೇವಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ ಎನ್ನುತ್ತಿದ್ದರು. ಆ ಹೆಸರು ನನಗೆ ಬೇಕಿತ್ತು.

ಹೀಗೇ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರಲ್ಲಿ ಒಲೆ ಹೊತ್ತಿಸಿದರೂ ಊರಲ್ಲಿ ಯಾರೂ ಉಣ್ಣುವುದಿಲ್ಲ. ಎಲ್ಲ ಕಾಳು, ಎಲ್ಲ ಸೊಪ್ಪು ಹಾಕಿ ಭಜ್ಜಿ ಕುದಿಸಿ, ಸಜ್ಜೆ ರೊಟ್ಟಿ ಬಡಿದು, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತೇವೆ, ಭೂಮಿಗೆ ಅವಳ ಪಾಲು. ನಮ್ಮ ಹೊಲದಲ್ಲಿ ಮಾತ್ರ ಇನ್ನೊಂದು ಪದ್ಧತಿ. ಚರಗ ಚೆಲ್ಲಿ ಮುಗಿದ ಮೇಲೆ ಮಾವನವರು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು, ಅವರಾದ ಮೇಲೆ ನಮ್ಮ ಮನೆಯವರು. ಆ ಸದ್ದು ಕೇಳಿ ಸುತ್ತಲಿನ ಹೊಲಗಳವರು ಉಣ್ಣಲು ಕೂರುತ್ತಿದ್ದರು. ಸಖೂಬಾಯಿ ಪ್ರತಿ ವರ್ಷ ತನ್ನ ಹೊಲದಿಂದ ಬದು ದಾಟಿ ಬಂದು, ಎರಡೂ ಕಿವಿಗೆ ಬೆರಳು ಹಾಕಿಕೊಂಡು ನನ್ನ ಪಕ್ಕ ನಿಲ್ಲುತ್ತಿದ್ದಳು. ಗುಂಡು ಹಾರಿದ ಮೇಲೂ ಬೆರಳು ತೆಗೆಯುತ್ತಿರಲಿಲ್ಲ. "ಆಯ್ತೇನ? ಆಯ್ತೇನ?" ಎಂದು ಕೇಳುತ್ತಿದ್ದಳು.

ಆ ವರ್ಷ ಬರಲಿಲ್ಲ. ಅವಳ ಹೊಲದಲ್ಲಿ ಯಾರೂ ಇರಲಿಲ್ಲ. ಮನೆಯವರ ಕಣ್ಣು ಸರಿಯಾಗಿತ್ತು. ಅವರೇ ಹಾರಿಸಿದರು. ಕಾಡತೂಸು ನಾನೇ ತುಂಬಿದ್ದು, ಹಳೇ ಜೋಳದಲ್ಲಿಟ್ಟದ್ದು, ಚೆನ್ನಾಗಿ ಹೊತ್ತಿತು. ಹೊಗೆ ಬದುವಿನ ಕಡೆ ಹೋಯಿತು. ಎಲ್ಲರೂ ಉಣ್ಣಲು ಕೂತರು. ನಾನು ಕೂರಲಿಲ್ಲ. ಭಜ್ಜಿಯನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಊರಿಗೆ ನಡೆದೆ.

ಊರು ಬರಿದಾಗಿತ್ತು, ನಾಯಿಗಳೂ ಹೊಲಕ್ಕೆ ಹೋಗಿದ್ದವು. ಸಖೂಬಾಯಿ ಮನೆಯ ಮುಂದೆ ಕೂತು ತೊಗರಿ ಕಟ್ಟಿಗೆ ಕಟ್ಟುತ್ತಿದ್ದಳು. ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೋಕ್ಕೆ ಹೊಸ ಹೂವು ಹಾಕಿತ್ತು. ಡಬ್ಬಿಯನ್ನು ಅವಳ ಮುಂದೆ ಇಟ್ಟೆ.

"ಹೊಲಕ್ಕ ಯಾಕ ಬರ್ಲಿಲ್ಲ?"

"ಬಂದಿದ್ರ ಏನ್ ಅಂತಿದ್ರು? ನಿಮ್ಮ ಚರಗಾನೂ ಮೈಲಿಗಿ ಆಗ್ತಿತ್ತು."

"ಸಖೂ, ಒಂದ್ ಮಾತ್ ಹೇಳ್ಬೇಕು."

"ಗೊತ್ತದ."

ಅವಳು ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಾಗ್ಯಾದ. ಬಂದೂಕ ತೊಳ್ಯಾಕತ್ತಿದ್ದಿ, ಸೀರಿಗಿ ರಕ್ತ ಇತ್ತು, ಕೈಯಾಗ ಗಾಯ ಇರ್ಲಿಲ್ಲ. ಮಧ್ಯಾನ ನಾಯಿ ಇಲ್ಲ ಅಂದ್ರು. ನಾನೇನ್ ಕುರುಡಿ?"

"ಮತ್ಯಾಕ ಹೇಳ್ಲಿಲ್ಲ?"

ಈಗ ಅವಳು ತಲೆ ಎತ್ತಿದಳು. "ನಾ ಹೇಳಿದ್ರ? ಮಾದೇವಕ್ಕ ಹೊಡದಾಳ ಅಂತ ಸಖೂಬಾಯಿ ಹೇಳಿದ್ರ ಯಾರ್ ನಂಬ್ತಾರ? ಇನ್ನೊಂದ್ ಮಾತ್ ನನ್ ಮ್ಯಾಲೇ ಬೀಳ್ತಿತ್ತು." ಕಟ್ಟನ್ನು ಪಕ್ಕಕ್ಕೆ ಇಟ್ಟು, "ನೀ ಬರ್ತಿ ಅಂತ ಕುಂತಿದ್ದೆ. ಇವತ್ತ ಬರ್ತಾಳ, ನಾಳಿ ಬರ್ತಾಳ. ಮಂಠಾಳಕ್ಕ ಹೋಗಾಗ ದಿನಾ ನಿನ್ನ ಬಾಗಲ ನೋಡ್ತಿದ್ದೆ. ನೀ ಹಿತ್ತಲಾಗ ನಿಂದರ್ತಿದ್ದಿ. ನಿನ್ನ ಸೀರಿ ಸೆರಗ ಕಾಣ್ತಿತ್ತು ಮಾದೇವಕ್ಕಾ."

ನಾನು ನೆಲ ನೋಡಿದೆ. ಮದುವೆಯಾಗಿ ಬಂದ ದಿನ ಬಿಟ್ಟರೆ ಹಾಗೆ ಯಾರ ಮುಂದೆಯೂ ತಲೆ ತಗ್ಗಿಸಿ ನಿಂತವಳಲ್ಲ.

"ತಪ್ಪಾಯ್ತು" ಎಂದೆ.

"ನನ್ ಮುಂದ ಅಂದ್ರ ಏನ್ ಬಂತು? ನನಗ ಗೊತ್ತೇ ಇತ್ತಲ್ಲ" ಎಂದಳು. ಡಬ್ಬಿಯನ್ನು ತೆರೆದೂ ನೋಡದೆ ನನ್ನ ಕಡೆ ಸರಿಸಿದಳು. "ಭಜ್ಜಿ ಒಯ್ಯಿ."

ಇವತ್ತಿಗೂ ಅವಳು ನನ್ನ ಭಜ್ಜಿ ಉಣ್ಣುವುದಿಲ್ಲ. ಈಗ ಬಸವಕಲ್ಯಾಣದಲ್ಲಿ ಮಗಳ ಹತ್ತಿರ ಇರುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಸರಿದು ಕೂರಲು ಜಾಗ ಕೊಡುತ್ತಾಳೆ, ಮಳೆ ಬಂತೇ ಎಂದು ಕೇಳುತ್ತಾಳೆ, ಬಸ್ಸು ಬಂದರೆ ಎದ್ದು ಹೋಗುತ್ತಾಳೆ. ನನ್ನನ್ನು ಬೈಯುವುದನ್ನು ಬಿಟ್ಟಿದ್ದಾಳೆ.

ಆ ಸಂಜೆ ಡಬ್ಬಿ ಹಾಗೇ ತಂದಿಟ್ಟು ಮನೆಯವರಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ನಾನೇ ಹೊಡದೀನಿ ಅಂತ ಹೇಳ್ತೀನಿ ಬಿಡು. ಲೈಸೆನ್ಸ್ ನನ್ ಹೆಸರ್ಲೆ ಅದ, ಹೆಣ್ಣಮಗಳು ಹೊಡದಾಳ ಅಂದ್ರ ಸುಮ್ನ ಬಿಡಂಗಿಲ್ಲ" ಎಂದರು.

"ಕಣ್ಣಿಗಿ ಬಟ್ಟಿ ಕಟ್ಕೊಂಡು ಕಟ್ಟಿ ಮ್ಯಾಲ ಕುಂತಿದ್ದು ಊರೆಲ್ಲ ನೋಡ್ಯಾರ. ಯಾರ್ ನಂಬ್ತಾರ್ರಿ?"

"ಬಂದೂಕ ಹೋಗ್ತದ. ಅಪ್ಪನ ಕಾಲದ್ದು."

"ಹೋಗ್ಲಿ."

"ನಿನ್ ಮುಖಕ್ಕ ಉಗಳ್ತಾರ ಮಂದಿ."

"ಉಗಳ್ಲಿ ಮತ್ತ."

ಅವರು ಎದ್ದು ಹೋಗಿ ಬಂದೂಕನ್ನು ಕೆಳಗಿಳಿಸಿದರು. ಹಬ್ಬದ ಗುಂಡು ಹಾರಿಸಿದ್ದು ಇನ್ನೂ ತೊಳೆದಿರಲಿಲ್ಲ. "ನೀರ್ ಕಾಸು, ಇವತ್ತ ನಾ ತೊಳೀತೀನಿ" ಎಂದರು. ನಲವತ್ತು ವರ್ಷದಲ್ಲಿ ಅವರು ಅದನ್ನು ತೊಳೆದದ್ದು ಅದೊಂದೇ ಸಲ. ಮತ್ತೆ ತೊಳೆಯುವ ಕೆಲಸವೂ ಬೀಳಲಿಲ್ಲ. ಕೆಲವು ದಿನದಲ್ಲಿ ಅದು ಠಾಣೆಗೆ ಹೋಯಿತು, ತಿರುಗಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯ ಗಂಟು ಇಳಿಸಿದೆ. ಜೋಳದ ಡ್ರಮ್ಮಿನೊಳಗೆ ತೋಳಿನವರೆಗೆ ಕೈ ಹಾಕಿ ಕೊರಳಪಟ್ಟಿ ಹುಡುಕಿ ತೆಗೆದೆ. ಒಣ ಜೋಳದಲ್ಲಿ ಅದಕ್ಕೆ ಒಂದು ಚೂರೂ ಜಂಗು ಹಿಡಿದಿರಲಿಲ್ಲ. ಬಟ್ಟೆಯಲ್ಲಿ ಸುತ್ತಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಗಿರಣಿಗೆ ಹೋದೆ. ಹಬ್ಬದ ಮರುದಿನ, ಸಾಲು ರಸ್ತೆಯವರೆಗೆ ಬಂದಿತ್ತು. ರುಕ್ಮಬಾಯಿ ಇದ್ದಳು. ಕಾಳು ತೂಗುವ ಕೊಕ್ಕೆಗೆ ಪಟ್ಟಿಯನ್ನು ಹಾಕಿದೆ. ಅದು ಎಲ್ಲರ ಕಣ್ಣಿನ ಮಟ್ಟಕ್ಕೆ ತೂಗಾಡಿತು. ಹಿಂದಿನಿಂದ ಯಾರೋ ಏನೋ ಕೇಳಿದರು, ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಗಿರಣಿಯವನ ಹತ್ತಿರ ಹೋಗಿ ಇಂಜಿನ್ ಬಂದ್ ಮಾಡು ಎಂದೆ. ಅವನು ನನ್ನ ಮುಖ ನೋಡಿ ಬಂದ್ ಮಾಡಿದ. ಪಟ್ಟೆ ತಿರುಗುವುದು ನಿಲ್ಲುವವರೆಗೆ ಕಾದೆ. ಆಮೇಲೆ ಹೇಳಿದೆ.